ಮುಖ ತೋರಿಸದವರ ಅಂಗಡಿ

ಮಾರ್ಚ್ ೩, ಸೋಮವಾರ

ವೆಬ್‌ಸೈಟ್ ಮುಗಿಯುವ ತನಕ ಬಾಯಿಗೆ ಬೀಗ ಹಾಕಿಕೊಂಡಿರುತ್ತೇನೆ ಎಂದು ತಮ್ಮನಿಗೆ ಮಾತು ಕೊಟ್ಟಿದ್ದೇನೆ. “ಅಕ್ಕಾ, ಏನನ್ನಿಸಿದ್ರೂ ಎಲ್ಲಾದ್ರೂ ಬರೆದಿಟ್ಕೋ. ಅವಳ ಮುಂದೆ ಮಾತ್ರ ಹೇಳ್ಬೇಡ” ಎಂದ. ಸರಿ, ಬರೆದಿಡುತ್ತೇನೆ. ನುಂಗಿಕೊಂಡರೆ ನನಗೆ ಅಜೀರ್ಣವಾಗುತ್ತದೆ.

ಅಜ್ಜನ ಹಾಗೆ ಅಪ್ಪನೂ ನಾಟಕದವರಿಗೆ ವಿಗ್ ಕಟ್ಟುತ್ತಿದ್ದರು. ಅವರ ಕೈಕೆಳಗೆ ಕಲಿತವಳು ನಾನು. ತೆಳು ಬಲೆಗೆ ಒಂದೊಂದೇ ಕೂದಲನ್ನು ಕೊಕ್ಕೆ ಸೂಜಿಯಿಂದ ಎಳೆದು ಗಂಟು ಹಾಕುವ ಕೆಲಸ. ಒಂದು ತಲೆ ಮುಗಿಯುವಷ್ಟರಲ್ಲಿ ತಿಂಗಳು ದಾಟುತ್ತದೆ. ತಮ್ಮ ಕೂದಲು ತೊಳೆದು, ಬಾಚಿ, ಉದ್ದ ನೋಡಿ ಕಟ್ಟು ಕಟ್ಟಿ ಕೊಡುತ್ತಾನೆ. ನಾಟಕದವರು ಈಗ ಡಬ್ಬಿಯಲ್ಲಿ ಬರುವ ರೆಡಿಮೇಡ್ ಕೊಳ್ಳುತ್ತಾರೆ. ಅಜ್ಜನ ಪಾತ್ರಕ್ಕೂ ರಾಜನ ಪಾತ್ರಕ್ಕೂ ಒಂದೇ ಜುಟ್ಟು. ಆಮೇಲೆ ನಮ್ಮ ಕೈ ಹಿಡಿದವರು ಕಾಯಿಲೆಯಿಂದ ಕೂದಲು ಕಳೆದುಕೊಂಡವರು. ಈಗ ಆಸ್ಪತ್ರೆಯ ಗೇಟಿನ ಎದುರಿಗೇ ಒಬ್ಬ ಪ್ಲಾಸ್ಟಿಕ್ ಕೂದಲಿನ ಅಂಗಡಿ ತೆರೆದಿದ್ದಾನೆ. ಅವನ ಸರಕು ತೊಟ್ಟವರು ಬಿಸಿಲಿಗೆ ಬಂದರೆ ಬೊಂಬೆಗಳ ಹಾಗೆ ಮಿರಮಿರ ಮಿಂಚುತ್ತಾರೆ. ಜನಕ್ಕೆ ಅದೇ ಬೇಕು. ಹೋದ ತಿಂಗಳು ನಮ್ಮ ಮೆಟ್ಟಿಲು ಹತ್ತಿದವರಲ್ಲಿ ಅರ್ಧ ಜನ ಕೆಳಗಿನ ಗಡಿಯಾರದ ಅಂಗಡಿ ಎಂದುಕೊಂಡು ಬಂದವರು.

ಹೀಗೇ ಆದರೆ ವರ್ಷ ಮುಗಿಯುವುದರೊಳಗೆ ಬಾಗಿಲು ಹಾಕಬೇಕು ಎಂದು ತಮ್ಮ ಪೆಚ್ಚು ಮುಖ ಮಾಡಿದ. ಅದಕ್ಕೆ ಮಹಾರಾಣಿ ಕಂಡುಹಿಡಿದ ಮದ್ದು: ವೆಬ್‌ಸೈಟ್.

ಮಹಾರಾಣಿ ಎಂದರೆ ತಮ್ಮನ ಹೆಂಡತಿ. ಹೆಸರು ನಾನಿಟ್ಟದ್ದು. ಮದುವೆಯಾಗಿ ಬಂದಾಗ ಸೊಂಟ ದಾಟಿದ ಕೂದಲು, ಅದನ್ನು ಕಿರೀಟದ ಹಾಗೆ ಹೊತ್ತು ನಡೆಯುವ ಗತ್ತು. ಕೂದಲಿನ ವ್ಯಾಪಾರಸ್ಥರ ಮನೆಗೆ ಕೂದಲು ತೋರಿಸಿಕೊಂಡು ಬಂದವಳು! ಮೊದಲು ಯಾವುದೋ ಪ್ರಯಾಣದ ಟಿಕೆಟ್ ಆಫೀಸಿನಲ್ಲಿ ಕೂತಿದ್ದಳಂತೆ, ಆದ್ದರಿಂದ ಕಂಪ್ಯೂಟರಿನ ವಿಷಯದಲ್ಲಿ ಅವಳದ್ದೇ ಕಡೇ ಮಾತು.

“ಈಗ ಯಾರೂ ಸೀದಾ ಮೆಟ್ಟಿಲು ಹತ್ತಲ್ಲ ಅತ್ತಿಗೆ. ಮೊದಲು ಫೋನಲ್ಲಿ ನೋಡ್ತಾರೆ.”

“ತಲೆಯ ಅಳತೆಯನ್ನೂ ಫೋನಲ್ಲೇ ತೆಗೀತೀಯೇನು?” ಎಂದೆ. ಅಲ್ಲಿಗೆ ತಮ್ಮ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬೀಗದ ಮಾತು ತೆಗೆದ.

ಮಾರ್ಚ್ ೫, ಬುಧವಾರ

ವೆಬ್‌ಸೈಟ್ ಕಟ್ಟಲು ಜಾಗ ಕೊಡುವ ಕಂಪನಿಗಳಿವೆಯಂತೆ. ಅವುಗಳಲ್ಲಿ ಒಂದನ್ನು ಆರಿಸಬೇಕಂತೆ. ಕಟ್ಟುವವರು ನಾವು, ಬರೆಯುವವರು ನಾವು, ಪಟ ಅಂಟಿಸುವವರು ನಾವು. ಅವರಿಗೆ ಮಾತ್ರ ತಿಂಗಳು ತಿಂಗಳು ಬಾಡಿಗೆ. ಇಟ್ಟಿಗೆ ನಮ್ಮದು, ಗಾರೆ ನಮ್ಮದು, ಮನೆ ಅವರದು.

ಮೊದಲ ಕಂಪನಿಗೆ ‘ನಗುವವರು’ ಎಂದು ಹೆಸರಿಟ್ಟಿದ್ದೇನೆ. ಅವರ ಹತ್ತಿರ ಸಿದ್ಧ ವಿನ್ಯಾಸಗಳ ರಾಶಿಯೇ ಇದೆ. ‘ಕೂದಲು’ ಎಂದು ಹುಡುಕಿದರೆ ಒಬ್ಬಳು ತಲೆ ಕೊಡವಿ ನಗುತ್ತಾಳೆ. ಇನ್ನೊಬ್ಬಳು ಕಾಫಿ ಲೋಟ ನೋಡಿ ನಗುತ್ತಾಳೆ. ಮತ್ತೊಬ್ಬ ಗೋಡೆ ನೋಡಿ ನಗುತ್ತಾನೆ. ಇಷ್ಟು ಹಲ್ಲುಗಳನ್ನು ಹಲ್ಲಿನ ಡಾಕ್ಟರ ಗೋಡೆಯ ಮೇಲೂ ಕಂಡಿಲ್ಲ. ನಮ್ಮಲ್ಲಿಗೆ ಬರುವವರು ನಗುತ್ತ ಬರುವುದಿಲ್ಲ. ವಿಗ್ ಹಾಕಿ ಕನ್ನಡಿ ತೋರಿಸಿದಾಗಲೂ ನಗುವುದಿಲ್ಲ, ಸುಮ್ಮನಾಗುತ್ತಾರೆ. ಆ ಸುಮ್ಮನಾಗುವುದಕ್ಕೆ ಇವರ ಹತ್ತಿರ ವಿನ್ಯಾಸ ಇಲ್ಲ.

ಮಹಾರಾಣಿ ಕೂತು ಒಂದೊಂದನ್ನೂ ಸರಿಸಿ ಸರಿಸಿ ನೋಡಿದಳು. ಇತ್ತೀಚೆಗೆ ಮನೆಯೊಳಗೂ ತಲೆಗೆ ಸ್ಕಾರ್ಫ್ ಸುತ್ತಿಕೊಂಡು ಓಡಾಡುತ್ತಾಳೆ. ಪತ್ರಿಕೆಯಲ್ಲಿ ಯಾರನ್ನೋ ನೋಡಿರಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಮಾರ್ಚ್ ೯, ಭಾನುವಾರ

ನಗುವವರ ವಿನ್ಯಾಸದಲ್ಲಿ ‘ಗ್ರಾಹಕರ ಮಾತು’ ಎಂದು ಮೂರು ದುಂಡನೆಯ ಕಿಂಡಿಗಳಿವೆ. ಅದರೊಳಗೆ ಮೂರು ಮುಖ ಕೂರಿಸಬೇಕು, ಕೆಳಗೆ ಮೂರು ಹೊಗಳಿಕೆ.

ಇವತ್ತು ಬ್ಯಾಂಕಿನವರು ಬರುವ ದಿನವಾಗಿತ್ತು. ಬ್ಯಾಂಕಿನಲ್ಲಿ ದೊಡ್ಡ ಕುರ್ಚಿಯವರು, ಬಹಳ ವರ್ಷಗಳ ಗಿರಾಕಿ. ಗಡಿಯಾರದ ಅಂಗಡಿ ಮುಚ್ಚಿರುವ ಭಾನುವಾರವೇ ಬರುತ್ತಾರೆ, ಕಳ್ಳ ಬೆಕ್ಕಿನ ಹಾಗೆ ಮೆಟ್ಟಿಲು ಹತ್ತುತ್ತಾರೆ. ಅವರ ತಲೆ ಬೇಯಿಸಿ ಸುಲಿದ ಮೊಟ್ಟೆಯ ಹಾಗೆ. ನಾನು ಊಟದ ಹೊತ್ತಿನಲ್ಲಿ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ನಮ್ಮ ತಮ್ಮ, ಹಸುವಿನಂಥವನು, ವಿಗ್ ತೊಳೆದು ಕೊಡುತ್ತ ಕೇಳಿಯೇ ಬಿಟ್ಟ: “ಸಾರ್, ನಿಮ್ಮದೊಂದು ಫೋಟೋ, ಎರಡು ಒಳ್ಳೆ ಮಾತು ಸಿಕ್ಕಿದ್ರೆ ವೆಬ್‌ಸೈಟಿಗೆ…”

ಬ್ಯಾಂಕಿನವರು ಬಿಳಿಚಿಕೊಂಡರು. “ನನ್ನ ಹೆಂಡತಿ ಬಿಟ್ರೆ ಇನ್ನೊಂದು ನರಪಿಳ್ಳೆಗೂ ಗೊತ್ತಿಲ್ಲ ಕಣ್ರೀ ಇದು” ಎಂದು ಚಹಾ ಮುಟ್ಟದೆ ಎದ್ದು ಹೋದರು. ಇನ್ನು ಅವರು ಬಂದ ಹಾಗೇ. ಇರುವ ಗಿರಾಕಿಯನ್ನು ಓಡಿಸಿ ಇಲ್ಲದವರನ್ನು ಕರೆಯುವ ಯಂತ್ರಕ್ಕೆ ವೆಬ್‌ಸೈಟ್ ಎನ್ನುತ್ತಾರೆ.

ನಾನು ಏನೂ ಹೇಳಲಿಲ್ಲ. ಮಾತು ಕೊಟ್ಟಿದ್ದೇನಲ್ಲ. ಮಹಾರಾಣಿಯೇ ಸಿಟ್ಟಾದಳು. “ಅವರನ್ನ ಯಾಕ್ರೀ ಕೇಳಿದ್ರಿ? ಯಾರಾದ್ರೂ ಒಪ್ತಾರಾ? ನಿಮಗೆ ಅಷ್ಟೂ ಗೊತ್ತಾಗಲ್ವಾ?” ಎಂದು ಗಂಡನ ಮೇಲೆ ಹರಿಹಾಯ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೊದಲು ಮುಖಗಳು ಬೇಕು ಎಂದ ಕಂಪನಿಯನ್ನು ತಂದವಳು ಯಾರಂತೆ?

ಮಾರ್ಚ್ ೧೪, ಶುಕ್ರವಾರ

ನಗುವವರು ಹೋದರು, ‘ಪುಗಸಟ್ಟೆಯವರು’ ಬಂದರು. ಕಾಸಿಲ್ಲದೆ ಜಾಗ ಕೊಡುತ್ತಾರೆ ಎಂದು ತಮ್ಮನ ಮುಖ ಅರಳಿತು. ಪುಗಸಟ್ಟೆ ಸಿಕ್ಕಿದರೆ ನನಗೂ ಒಂದು ನಮ್ಮಪ್ಪನಿಗೂ ಒಂದು ಎನ್ನುವ ಜಾತಿ ಇವನದು.

ನಮ್ಮ ಪುಟ ಚೆನ್ನಾಗಿಯೇ ಬಂತು. ‘ಕೂದಲು ಉದುರಿದವರಿಗೆ ಕೈಯಿಂದ ಕಟ್ಟಿದ ವಿಗ್’ ಎಂದು ಮೇಲೆ. ಅದರ ಕೆಳಗೆ, ಯಾರೂ ಕರೆಯದೆ, ಒಂದು ಜಾಹೀರಾತು ತಾನಾಗಿ ಬಂದು ಕೂತಿತು: ಒಂದೇ ವಾರದಲ್ಲಿ ಬೋಳುತಲೆಯ ಮೇಲೆ ಕೂದಲು ಚಿಗುರಿಸುವ ಎಣ್ಣೆ. ನಮ್ಮ ಜಗಲಿಯ ಮೇಲೆ ಸುಳ್ಳುಗಾರನೊಬ್ಬ ಅಂಗಡಿ ಇಟ್ಟ ಹಾಗಾಯಿತು. ತೆಗೆಯಬೇಕಾದರೆ ಕಾಸು ಕೊಡಬೇಕು. ನಾನು ಗಂಟಲು ಕಟ್ಟುವ ತನಕ ನಕ್ಕೆ. ನಗುವುದು ಮಾತಾಡಿದ ಹಾಗಲ್ಲ.

ಮಹಾರಾಣಿ ನಗಲಿಲ್ಲ. “ಆ ಎಣ್ಣೆ ಬರೀ ಮೋಸ” ಎಂದಳು, ಮೆಲ್ಲಗೆ. ಎಣ್ಣೆಯ ಕಂಪನಿಯ ಮೇಲೆ ಇವಳಿಗೇಕೆ ಅಷ್ಟು ಸಂಕಟವೋ.

ಮಾರ್ಚ್ ೧೫, ಶನಿವಾರ

ಸ್ನಾನದ ಮನೆಯಲ್ಲಿ ಮುಕ್ಕಾಲು ಬೆಳಗು ಅವಳದ್ದೇ. ನಾವು ಬಾಗಿಲ ಹೊರಗೆ ಟವೆಲ್ ಹಿಡಿದು ನಿಂತ ಭಿಕ್ಷುಕರು.

ಮಾರ್ಚ್ ೨೨, ಶನಿವಾರ

ಸ್ಕಾರ್ಫಿನ ಕಾಲ ಮುಗಿಯಿತು. ಮಹಾರಾಣಿ ಭುಜದವರೆಗೆ ಕೂದಲು ಕತ್ತರಿಸಿಕೊಂಡು, ಇಸ್ತ್ರಿ ಹಾಕಿಸಿದ ಹಾಗೆ ನೆಟ್ಟಗೆ ಮಾಡಿಸಿಕೊಂಡು ಬಂದಿದ್ದಾಳೆ. ಪಾರ್ಲರಿನವರ ಕೈಗುಣ. ಅಷ್ಟು ಕೂದಲು ಕತ್ತರಿಸುವವಳು ನಮಗಾದರೂ ತಂದುಕೊಡಬಾರದಿತ್ತೆ? ಕೇಳಿದರೆ, “ಅಲ್ಲೇ ಬಿಟ್ಟೆ ಅತ್ತಿಗೆ” ಎಂದು ಅತ್ತ ತಿರುಗಿದಳು. ಕೂದಲಿನ ಮನೆಯವಳು ಕೂದಲನ್ನು ಪಾರ್ಲರಿನ ಕಸದ ಬುಟ್ಟಿಗೆ ಬಿಟ್ಟು ಬಂದಳಂತೆ. ಇದಕ್ಕೇನು ಹೇಳೋಣ.

ಮಧ್ಯಾಹ್ನ ಒಬ್ಬ ತಜ್ಞ ಬಂದಿದ್ದ, ತಮ್ಮನ ಸ್ನೇಹಿತರ ಪೈಕಿ. ಎರಡು ಕೈಗೆ ಎರಡು ಫೋನು. ನಮ್ಮ ಜೊತೆ ಮಾತಾಡುವಾಗ ಒಂದನ್ನು, ಮಾತಾಡದಿದ್ದಾಗ ಇನ್ನೊಂದನ್ನು ಒತ್ತುತ್ತಲೇ ಇದ್ದ. ಜೋಡಿಫೋನು ಎಂದು ಹೆಸರಿಟ್ಟೆ.

“ಮೇಡಂ, ನಿಮಗೆ ಯಾವ ತಲೆನೋವೂ ಬೇಡ. ಎಲ್ಲ ನಾನು ನೋಡ್ಕೋತೀನಿ” ಎಂದ. ತಲೆ ಸವರುವವರೆಲ್ಲ ಶುರು ಮಾಡುವುದು ಹೀಗೆಯೇ. ಅವನ ಪುಟ ತೆರೆದರೆ ಸಂಗೀತ ಬರುತ್ತದೆ. ಮೂಲೆಯಲ್ಲಿ ಒಂದು ಚೀಟಿ ಟಣ್ ಎಂದು ಹಾರಿ ಬಂದು, ‘ನಿಮ್ಮ ಊರಿನ ಒಬ್ಬರು ಈಗಷ್ಟೇ ಒಂದು ವಿಗ್ ಕೊಂಡರು’ ಎನ್ನುತ್ತದೆ.

“ಯಾರು ಕೊಂಡರು?” ಎಂದು ತಮ್ಮ ಕಣ್ಣರಳಿಸಿ ಕೇಳಿದ.

“ಯಾರೂ ಇಲ್ಲ ಸಾರ್, ಅದು ಸುಮ್ನೆ. ನೋಡ್ದೋರಿಗೆ ಉಮೇದು ಬರ್ಲಿ ಅಂತ.”

ಮಹಾರಾಣಿ ಅಲ್ಲಿಯವರೆಗೆ ತೆಪ್ಪಗಿದ್ದವಳು ಬಾಯಿ ತೆರೆದಳು. “ಉಮೇದು ಬರಲ್ಲ, ಭಯ ಬರುತ್ತೆ. ನಾಳೆ ನನ್ನ ವಿಷಯಾನೂ ಹೀಗೇ ಟಣ್ ಅನ್ನಿಸ್ತಾರೆ ಅಂತ ಪುಟ ಮುಚ್ಚಿ ಓಡ್ತಾರೆ. ಮತ್ತೆ ಈ ಸಂಗೀತ? ಪಕ್ಕದಲ್ಲಿ ಗಂಡ ಮಲಗಿರ್ತಾನೆ, ಎದ್ದು ಕೂರ್ತಾನೆ.” ಆಮೇಲೆ, “ವೆಬ್‌ಸೈಟಿನ ವಿಳಾಸ ಯಾರ ಹೆಸರಲ್ಲಿ ಬರೆಸ್ತೀರಿ?” ಎಂದು ಕೇಳಿದಳು.

“ನನ್ನ ಹೆಸರಲ್ಲೇ ಮೇಡಂ. ನಿಮಗೆ ಸುಲಭ ಆಗ್ಲಿ ಅಂತ.”

“ನಾಳೆ ನಿಮ್ಮನ್ನ ಬಿಟ್ರೆ?”

ಜೋಡಿಫೋನು ಮೊದಲ ಸಲ ಎರಡೂ ಫೋನು ಕೆಳಗಿಟ್ಟ. ವಿಳಾಸ ಅವನದಾದರೆ ಅಂಗಡಿಯ ಬೋರ್ಡು ಅವನ ಜೇಬಿನಲ್ಲಿದ್ದ ಹಾಗೆ, ನಾವು ಜಗಳ ಆಡಿದ ದಿನ ಬೋರ್ಡು ಕಿತ್ತುಕೊಂಡು ಹೋಗಬಹುದು ಎಂದು ಅವನು ಮೆಟ್ಟಿಲಿಳಿದ ಮೇಲೆ ಅವಳು ನಮಗೆ ಬಿಡಿಸಿ ಹೇಳಿದಳು. ಟಿಕೆಟ್ ಆಫೀಸಿನ ಬುದ್ಧಿ, ಒಮ್ಮೊಮ್ಮೆ ಕೆಲಸಕ್ಕೆ ಬರುತ್ತದೆ. ಕುರುಡು ಕೋಳಿಗೂ ಕಾಳು ಸಿಗುವ ದಿನ ಇರುತ್ತದಲ್ಲ.

ಏಪ್ರಿಲ್ ೧, ಮಂಗಳವಾರ

ಬರೆಯಲು ಕೂತು ಮೂರು ಸಲ ಎದ್ದೆ.

ಬೆಳಿಗ್ಗೆ ಅವಳು ನಾಲ್ಕನೆಯ ಕಂಪನಿಯನ್ನು ತೋರಿಸುತ್ತಿದ್ದಳು. ನೋಡಲು ಬಡಪಾಯಿ, ಒಂದು ಬಣ್ಣ, ಒಂದು ಅಕ್ಷರ, ಕುಣಿತ ಇಲ್ಲ, ಸಂಗೀತ ಇಲ್ಲ. “ಇದು ಸಾವಿನ ಸುದ್ದಿಯ ಪತ್ರಿಕೆ ಇದ್ದ ಹಾಗಿದೆ” ಎಂದೆ. ಬೀಗ ಸ್ವಲ್ಪ ಸಡಿಲಾಗಿತ್ತು.

“ಇರ್ಲಿ ಅತ್ತಿಗೆ. ಬೇಗ ತೆರೆಯುತ್ತೆ. ಹೆಸರು ಹೇಳದೆ ಪ್ರಶ್ನೆ ಕೇಳ್ಬಹುದು. ಯಾರ ಮುಖಾನೂ ಬೇಕಿಲ್ಲ. ಬೇಡ ಅನ್ನಿಸಿದ ದಿನ ನಮ್ಮದನ್ನೆಲ್ಲ ಎತ್ಕೊಂಡು ಬೇರೆ ಕಡೆ ಹೋಗ್ಬಹುದು” ಎಂದು ತೋರಿಸಲು ಪರದೆಯ ಕಡೆಗೆ ಬಗ್ಗಿದಳು. ಪೂರ್ವದ ಕಿಟಕಿಯ ಬಿಸಿಲು ಅವಳ ನೆತ್ತಿಯ ಮೇಲೆ ಬಿತ್ತು.

ಬೈತಲೆ ಗೆರೆ ಎಳೆದಷ್ಟು ನೆಟ್ಟಗಿತ್ತು. ಕೂದಲು ಬುಡದಿಂದ ಎಲ್ಲವೂ ಒಂದೇ ಕಡೆಗೆ ಏಳುತ್ತಿದ್ದವು. ಹಣೆಯ ಅಂಚಿನಲ್ಲಿ ಎಳೆಗೂದಲು ಒಂದೂ ಇಲ್ಲ, ಗೋಡೆಯ ಹಾಗೆ ಥಟ್ಟನೆ ಶುರು. ಹಿಂದೆ ಪಟ್ಟಿ ಪಟ್ಟಿಯಾಗಿ ಯಂತ್ರದ ಹೊಲಿಗೆ.

“ಯಾವ ಕಟುಕ ಮಾಡಿದ್ದೇ ಇದನ್ನ?”

ಮೊದಲು ಬಾಯಿಗೆ ಬಂದದ್ದು ಅದೇ. ಕಸುಬು ಮೊದಲು ಮಾತಾಡುತ್ತದೆ, ನಾನೇನು ಮಾಡಲಿ. ಅವಳ ಕೈ ನೆತ್ತಿಗೆ ಹೋಯಿತು. ಮುಖ ಸುಣ್ಣದ ಹಾಗಾಯಿತು. ತಮ್ಮ ಒಳಗೆ ಕೂದಲು ತೊಳೆಯುತ್ತಿದ್ದ, ನೀರಿನ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ.

“ಬಾಗಿಲು ಹಾಕಿ ಅತ್ತಿಗೆ” ಎಂದಳು.

ಹಾಕಿದೆ. ಅವಳು ಅದನ್ನು ತೆಗೆದಳು. ನಾನು ನೋಡದ ತಲೆಯಿಲ್ಲ. ಆದರೂ ಒಂದು ಗಳಿಗೆ ಎಲ್ಲಿ ನೋಡಬೇಕೆಂದು ತೋಚಲಿಲ್ಲ. ಕೈಯಗಲದ ಬೋಳು ತೇಪೆಗಳು, ನಡುನಡುವೆ ದ್ವೀಪಗಳ ಹಾಗೆ ಉಳಿದ ಕೂದಲು. ಚಳಿಗಾಲದಲ್ಲಿ ಒಂದು ನಾಣ್ಯದಷ್ಟು ಶುರುವಾಯಿತಂತೆ. ಡಾಕ್ಟರು ಪ್ರಾಣಕ್ಕೇನೂ ಇಲ್ಲ, ಮೈಯೇ ತನ್ನ ಕೂದಲ ಬುಡದ ಮೇಲೆ ಜಗಳಕ್ಕೆ ಬಿದ್ದಿದೆ, ಮತ್ತೆ ಬಂದರೂ ಬರಬಹುದು ಬಾರದೆಯೂ ಇರಬಹುದು ಎಂದರಂತೆ. ಗಂಡನಿಗೂ ಹೇಳಿಲ್ಲ. ಒಂದೇ ಹಾಸಿಗೆಯಲ್ಲಿ ಮಲಗುವ ನನ್ನ ತಮ್ಮನಿಗೆ ಗೊತ್ತಾಗಿಲ್ಲ. ಅವನಿಗೆ ಗೊತ್ತಾಗುವುದಾದರೂ ಏನು, ಹೆಡ್ಡ.

ಈ ವಿಗ್ಗನ್ನು ಯಾವುದೋ ದೂರದ ಊರಿನ ಅಂಗಡಿಯಿಂದ ವೆಬ್‌ಸೈಟಿನಲ್ಲಿ ತರಿಸಿಕೊಂಡಳಂತೆ. ಅದಕ್ಕೂ ಮೊದಲು ಎಷ್ಟೋ ವಾರ ಹೊದಿಕೆಯ ಒಳಗೆ ಫೋನು ಹಿಡಿದು ಇಂಥ ಪುಟಗಳನ್ನೆಲ್ಲ ನೋಡಿದ್ದಳಂತೆ. ಎಣ್ಣೆಯನ್ನೂ ತರಿಸಿ ಹಚ್ಚಿದ್ದಳಂತೆ.

ನನಗೆ ಕೋಪ ನೆತ್ತಿಗೇರಿತು. “ಮನೆಯಲ್ಲಿ ನಾನಿಲ್ವೇನೇ? ಮೂರು ತಲೆಮಾರಿಂದ ಕೂದಲು ಕಟ್ಟೋರ ಮನೇಲಿ ಇದ್ಕೊಂಡು, ಆ ಕಸಬರಿಕೆ ಕೊಂಡ್ಯಲ್ಲ! ಅಡುಗೆಮನೆಯಿಂದ ಹತ್ತು ಹೆಜ್ಜೆ ನಡೆದು ಬಂದು ಹೇಳಕ್ಕೆ ಏನಾಗಿತ್ತು?”

“ನಿಮ್ಮ ಬಾಯಿ ಅತ್ತಿಗೆ” ಎಂದಳು.

“ನನ್ನ ಬಾಯಿಗೇನಾಗಿದೆ?”

“ಬಂದುಹೋದೋರ ತಲೆ ಬಗ್ಗೆ ಊಟಕ್ಕೆ ಕೂತಾಗ ಹೇಳ್ತೀರಲ್ಲ. ಮೊಟ್ಟೆ ಅಂತ, ಬೋರೆ ಗುಡ್ಡ ಅಂತ, ಪುಕ್ಕ ಕಿತ್ತ ಕೋಳಿ ಅಂತ. ನಾನೂ ನಕ್ಕಿದ್ದೀನಿ. ಹೊಟ್ಟೆ ಹಿಡ್ಕೊಂಡು ನಕ್ಕಿದ್ದೀನಿ. ಕನ್ನಡಿ ನೋಡ್ಕೊಂಡಾಗಲೆಲ್ಲ ನಿಮ್ಮ ಧ್ವನೀಲೇ ಕೇಳ್ಸೋದು. ನನಗೇನು ಹೆಸರಿಡ್ತೀರೋ ಅಂತ.”

ಅಳಲಿಲ್ಲ. ಅತ್ತಿದ್ದರೆ ಬೈಯಬಹುದಿತ್ತು.

ಊಟದ ಹೊತ್ತಿನ ಮಾತು ಊಟದ ಹೊತ್ತಿಗೆ. ದಿನವಿಡೀ ಕಣ್ಣು ಕೀಳುವ ಕೆಲಸ ಮಾಡಿದವಳು ಎರಡು ಗಳಿಗೆ ತಮಾಷೆ ಮಾಡಿದರೆ ಅದನ್ನು ಗಂಟು ಕಟ್ಟಿಟ್ಟುಕೊಳ್ಳುವುದೆ? ಇಂಥ ಮುಟ್ಟಿದರೆ ಮುನಿ ಮನಸ್ಸಿನವರಿಗೆ ಯಾರು ಏನು ಹೇಳಲಾದೀತು.

ಏಪ್ರಿಲ್ ೨, ಬುಧವಾರ

ರಾತ್ರಿ ಊಟದ ಮುಂದೆ ಯಾರೂ ಮಾತಾಡಲಿಲ್ಲ. ಸಾರಿಗೆ ಉಪ್ಪಿರಲಿಲ್ಲ. ಅದನ್ನೂ ಹೇಳಲಿಲ್ಲ.

ಏಪ್ರಿಲ್ ೪, ಶುಕ್ರವಾರ

ತಮ್ಮನಿಗೆ ಅವಳೇ ಹೇಳಿದಳು. ಅವನು ಸೀದಾ ನನ್ನ ಹತ್ತಿರ ಬಂದು ಚಿಕ್ಕ ಹುಡುಗನ ಹಾಗೆ ಅತ್ತ. “ನನಗೆ ಗೊತ್ತೇ ಆಗ್ಲಿಲ್ಲ ಅಕ್ಕಾ. ದಿನಾ ಕೂದಲು ಮುಟ್ಟೋನು ನಾನು.” ಅಳುವ ಗಂಡಸರನ್ನು ಕಂಡರೆ ನನಗಾಗದು. “ಹೋಗಿ ಕಂದು ಬಣ್ಣಕ್ಕೆ ತಿರುಗಿದ ಕಪ್ಪಿನ ಕಟ್ಟು ತೆಗೆದಿಡು, ಉದ್ದನೆಯದು. ನಾಟಕದವರು ಮತ್ತೆ ಬಂದಾರು ಅಂತ ಬಚ್ಚಿಟ್ಟಿದ್ದೀಯಲ್ಲ ಅದು” ಎಂದೆ.

ಆಮೇಲೆ ಅವಳನ್ನು ಕರೆದು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂರಿಸಿದೆ. ಅಳತೆಯ ಟೇಪನ್ನು ಹಣೆಯಿಂದ ಕತ್ತಿನವರೆಗೆ, ಕಿವಿಯಿಂದ ಕಿವಿಗೆ ಹಿಡಿದೆ. ಟೇಪು ತಣ್ಣಗಿತ್ತೋ ಏನೋ, ಬೆಚ್ಚಿಬಿದ್ದಳು. ಅಂಗೈಯಲ್ಲಿ ಸ್ವಲ್ಪ ಉಜ್ಜಿ ಮತ್ತೆ ಹಿಡಿದೆ. ಗಿರಾಕಿಗಳಿಗೂ ಹೀಗೇ ಮಾಡುತ್ತಿದ್ದೆನೆ? ನೆನಪಿಲ್ಲ. ಮಾಡಿರಬೇಕು.

“ಏನಾದ್ರೂ ಅನ್ನಿ ಅತ್ತಿಗೆ. ನೀವು ಸುಮ್ನಿದ್ರೆ ಇನ್ನೂ ಭಯ ಆಗುತ್ತೆ.”

“ನಿನ್ನ ತಲೆ ಸಣ್ಣದು. ಒಳಗೂ ಹೆಚ್ಚಿಗೆ ಏನೂ ಇರಲಾರದು” ಎಂದೆ.

ಅವಳು ನಕ್ಕಳು. ಬಹಳ ದಿನಗಳ ಮೇಲೆ. ಆ ನಗು ಯಾವ ಕಂಪನಿಯ ಹುಡುಗಿಯ ನಗುವಿನ ಹಾಗೂ ಇರಲಿಲ್ಲ. ಮೂಗಿನಿಂದ ಒಂದು ಸದ್ದು, ಅಷ್ಟೆ.

ನೆತ್ತಿಯ ಹತ್ತಿರ ನಾಲ್ಕಾರು ಬಿಳಿ ಕೂದಲು ಸೇರಿಸಬೇಕು. ಈ ವಯಸ್ಸಿಗೆ ಎಲ್ಲವೂ ಕಪ್ಪಿದ್ದರೆ ಸುಳ್ಳು ಹೇಳಿದ ಹಾಗೆ ಕಾಣುತ್ತದೆ.

ಏಪ್ರಿಲ್ ೧೧, ಶುಕ್ರವಾರ

ನಾಲ್ಕನೆಯ ಕಂಪನಿಯೇ ಸರಿ ಎಂದಾಯಿತು. ಬಾಡಿಗೆ ಅವರದೂ ಇದೆ, ಆದರೆ ವಿಳಾಸ ನಮ್ಮ ಹೆಸರಲ್ಲಿ.

ಮೊದಲನೆಯ ಪುಟಕ್ಕೆ ಮುಖಪುಟ ಎನ್ನುತ್ತಾರಂತೆ. ಮುಖವೇ ಇಲ್ಲದ ಮುಖಪುಟ ನಮ್ಮದು. ತಮ್ಮ ಫೋಟೋ ತೆಗೆದ: ಮರದ ತಲೆಯ ಮೇಲೆ ಅರ್ಧ ಕಟ್ಟಿದ ಬಲೆ, ಕೊಕ್ಕೆ ಸೂಜಿ, ನನ್ನ ಕೈ. ನನ್ನ ಉಗುರು ನೋಡಿ ನನಗೇ ಹೇಸಿಗೆಯಾಯಿತು. ಇರಲಿ ಎಂದಳು ಅವಳು. “ಕೆಲಸ ಮಾಡೋ ಕೈ ಅಂತ ಗೊತ್ತಾಗುತ್ತೆ.”

ಬರೆಯುವ ಕೆಲಸ ನನ್ನ ತಲೆಗೆ ಬಂತು. ‘ಮೂರು ತಲೆಮಾರುಗಳ ಕಲಾತ್ಮಕ ಪರಂಪರೆಯ ಉತ್ಕೃಷ್ಟ ಕೇಶವಿನ್ಯಾಸ’ ಎಂದು ಭರ್ಜರಿಯಾಗಿ ಶುರು ಮಾಡಿದೆ. ಅವಳು ಓದಿ ಮೂಗು ಮುರಿದಳು. ನನ್ನಿಂದಲೇ ಕಲಿತದ್ದು ಆ ಮೂಗು ಮುರಿಯುವುದು.

“ಇದನ್ನ ಓದೋಕೆ ಯಾರಿಗೆ ತಾಳ್ಮೆ ಅತ್ತಿಗೆ?”

“ಮತ್ತೇನು ಬರೀಲಿ? ನೀನು ಹೊದಿಕೆಯೊಳಗೆ ಕೂತು ಏನು ಹುಡುಕ್ತಿದ್ದೆ ಹೇಳು.”

ಅವಳು ಯೋಚಿಸಿ ಒಂದೊಂದಾಗಿ ಹೇಳಿದಳು. ಗಾಳಿಗೆ ಹಾರುತ್ತಾ? ತಬ್ಬಿಕೊಂಡೋರಿಗೆ ಗೊತ್ತಾಗುತ್ತಾ? ಸೆಖೆಗೆ ಕೆರೆಯುತ್ತಾ? ಅಂಗಡಿಗೆ ಬಂದ್ರೆ ಬೇರೆ ಗಿರಾಕಿಗಳು ಇರ್ತಾರಾ? ಅಳತೆ ತೆಗೆಯೋಳು ಏನಂತಾಳೆ?

ಪ್ರಶ್ನೆಗಳನ್ನು ಹಾಗೆಯೇ ಬರೆದು, ಒಂದೊಂದರ ಕೆಳಗೂ ಉತ್ತರ ಬರೆದೆ. ಕೊನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ‘ಏನೂ ಅನ್ನುವುದಿಲ್ಲ’ ಎಂದು ಬರೆದೆ. ಸುಳ್ಳಾಯಿತು ಎಂದು ಹೊಡೆದುಹಾಕಿದೆ. ‘ಬಾಯಿ ಸ್ವಲ್ಪ ಜೋರು, ಕೈ ಮೆತ್ತಗೆ’ ಎಂದು ಬರೆದೆ. ಅವಳು ಅದನ್ನೇ ಇಟ್ಟಳು. ಜನ ಇದನ್ನು ಓದಿ ಅಂಗಡಿಗೆ ಬಂದರೆ ಅವರ ಬುದ್ಧಿಗೆ ನಾನು ಹೊಣೆಯಲ್ಲ.

ಏಪ್ರಿಲ್ ೧೯, ಶನಿವಾರ

ಬೆಳಗಿಂದ ಹಣೆಯ ಅಂಚು ಕಟ್ಟುತ್ತಿದ್ದೇನೆ. ಒಂದೊಂದೇ ಕೂದಲು, ಒಂದು ಆ ಕಡೆ, ಒಂದು ಈ ಕಡೆ. ಕಣ್ಣು ಉರಿಯುತ್ತದೆ. ಅವಳು ಎರಡು ಸಲ ಚಹಾ ತಂದಿಟ್ಟಳು, ಎರಡು ಸಲವೂ ಆರಿತು. ಆರಿದ ಚಹಾ ನೋಡಿ ಮೂರನೆಯ ಸಲ ಪಕ್ಕದಲ್ಲಿ ಕೂತು ಸೂಜಿಗೆ ಕೂದಲು ಎತ್ತಿ ಕೊಡತೊಡಗಿದಳು. ಬುಡ ಯಾವುದು ತುದಿ ಯಾವುದು ಎಂದು ಗೊತ್ತಾಗುವುದಿಲ್ಲ ಇವಳಿಗೆ. ತೋರಿಸಿಕೊಟ್ಟೆ. ಬೆರಳ ನಡುವೆ ಉಜ್ಜಿದರೆ ಕೂದಲು ಬುಡದ ಕಡೆಗೆ ತಾನೇ ಸರಿಯುತ್ತದೆ. ಕಲಿಯುವುದು ನಿಧಾನ. ಕಲಿತದ್ದನ್ನು ಮರೆಯುವುದಿಲ್ಲ, ಅಷ್ಟಾದರೂ ಇದೆ.

ಏಪ್ರಿಲ್ ೨೭, ಭಾನುವಾರ

ವೆಬ್‌ಸೈಟ್ ತೆರೆದು ಇವತ್ತಿಗೆ ಎಂಟನೆಯ ದಿನ. ಬಂದದ್ದು ಎರಡು ಸಂದೇಶ. ಒಬ್ಬ, ನಿಮ್ಮ ವೆಬ್‌ಸೈಟಿಗೆ ಜನ ತರುತ್ತೇನೆ ಕಾಸು ಕೊಡಿ ಎನ್ನುತ್ತಾನೆ. ಇನ್ನೊಬ್ಬ, ಬಾಡಿಗೆಗೆ ಗಡ್ಡ ಸಿಗುತ್ತದೆಯೇ ಎಂದು ಕೇಳುತ್ತಾನೆ. ಇಡೀ ಜಗತ್ತು ನಮ್ಮ ಅಂಗಳಕ್ಕೆ ಬರುತ್ತದೆ ಎಂದಿದ್ದರು. ಬಂದಿತು ನೋಡಿ, ಜಗತ್ತಿನ ಯೋಗ್ಯತೆ.

ತಮ್ಮ ದಿನಕ್ಕೆ ಇಪ್ಪತ್ತು ಸಲ ಪುಟ ತೆರೆದು ನೋಡುತ್ತಾನೆ. ಅವಳೂ ಮಂಕಾಗಿದ್ದಾಳೆ. “ನಾನೇ ತಪ್ಪು ಆರಿಸಿದ್ನೇನೋ ಅತ್ತಿಗೆ” ಎಂದಳು.

“ಕಂಪನಿ ಸರಿಯಾಗೇ ಇದೆ. ಜನ ಹೊದಿಕೆಯಿಂದ ಹೊರಗೆ ಬರೋಕೆ ಹೊತ್ತು ಹಿಡಿಯುತ್ತೆ. ನಿನಗೆ ಎಷ್ಟು ತಿಂಗಳು ಬೇಕಾಯ್ತು?” ಎಂದೆ. ಸುಮ್ಮನಿರಲಿ ಎಂದು ಹೇಳಿದ್ದು.

ಮೇ ೬, ಮಂಗಳವಾರ

ಮುಗಿಯಿತು. ಹಾಕಿ ನೋಡಿದೆವು. ಕನ್ನಡಿ ಕೈಗೆ ಕೊಟ್ಟು ನಾನು ಕತ್ತರಿ ಹುಡುಕುವ ನೆಪದಲ್ಲಿ ಒಳಗೆ ಹೋದೆ. ವಾಪಸ್ಸು ಬಂದಾಗ ಗಂಡ ಹೆಂಡತಿ ಇಬ್ಬರೂ ಸುಮ್ಮನೆ ಕೂತಿದ್ದರು. ಅವನು ಅವಳ ಹಣೆಯ ಮೇಲೆ ಬಿದ್ದ ಒಂದೆಳೆಯನ್ನು ಕಿವಿಯ ಹಿಂದಕ್ಕೆ ಸರಿಸುತ್ತಿದ್ದ. ಆ ಹೆಡ್ಡನಿಗೆ ಅಷ್ಟಾದರೂ ತಿಳಿಯಿತಲ್ಲ.

ಹಳೆಯ ಕಸಬರಿಕೆಯನ್ನು ಬಿಚ್ಚಿ ನೋಡಿದೆ. ಅದನ್ನು ಮಾಡಿದವನ ಕೈಗೆ ಬರೆ ಹಾಕಬೇಕು.

ಮೇ ೧೧, ಭಾನುವಾರ

ಸಂದೇಶ ಬಂತು. ಹೆಸರಿಲ್ಲ. ‘ತಬ್ಬಿಕೊಂಡವರಿಗೆ ಗೊತ್ತಾಗುವುದಿಲ್ಲ ಎಂದು ಬರೆದಿದ್ದೀರಿ. ನಿಜವೇ? ನನ್ನ ಮಗಳು ಮುಂದಿನ ತಿಂಗಳು ಹಾಸ್ಟೆಲಿನಿಂದ ಬರುತ್ತಾಳೆ.’ ಇಷ್ಟೇ.

ಇಂಥ ಪ್ರಶ್ನೆಗೆ ಹೌದು ಎಂದರೆ ಸಾಕು. ನಾನು ಅರ್ಧ ಪುಟ ಬರೆದು ಅಳಿಸಿ, ಮತ್ತೆ ಬರೆದು ಅಳಿಸಿ, ಕೊನೆಗೆ, ‘ನಿಜ. ಆದರೆ ಮಗಳಿಗೆ ಹೇಳಿದರೂ ನಷ್ಟವಿಲ್ಲ. ನೀವು ಬರುವ ಹೊತ್ತಿಗೆ ಬೇರೆ ಯಾರೂ ಇರದ ಹಾಗೆ ನೋಡಿಕೊಳ್ಳುತ್ತೇವೆ’ ಎಂದು ಬರೆದು ಅವಳಿಗೆ ಓದಲು ಕೊಟ್ಟೆ.

“ಎಲ್ಲಾದ್ರೂ ಚುಚ್ಚುತ್ತೇನೇ?”

“ಇಲ್ಲ ಅತ್ತಿಗೆ” ಎಂದು ಕಳಿಸುವ ಗುಂಡಿ ಒತ್ತಿದಳು.

ಮೇ ೧೭, ಶನಿವಾರ

ಆ ಹೆಂಗಸು ಬಂದಳು. ಐವತ್ತರ ಹತ್ತಿರದವಳು, ಕಿವಿ ಮುಚ್ಚುವ ಉಲ್ಲನ್ ಟೋಪಿ, ಈ ಸೆಖೆಯಲ್ಲಿ. ಮೆಟ್ಟಿಲ ಅರ್ಧಕ್ಕೆ ಬಂದು ನಿಂತುಬಿಟ್ಟಳು. ಕೆಳಗೆ ಇಳಿಯುವಳೋ ಮೇಲೆ ಹತ್ತುವಳೋ ತಿಳಿಯುವಂತಿರಲಿಲ್ಲ. ಮೊದಲಾಗಿದ್ದರೆ ಕೂಗಿ ಕರೆಯುತ್ತಿದ್ದೆ. ಈ ಸಲ ಕೂಗಲು ಮನಸ್ಸಾಗಲಿಲ್ಲ, ಗಂಟಲು ಸರಿಯಿರಲಿಲ್ಲ. ನಮ್ಮವಳು ಇಳಿದು ಹೋಗಿ ಅದೇ ಮೆಟ್ಟಿಲ ಮೇಲೆ ಅವಳ ಜೊತೆ ಸ್ವಲ್ಪ ಹೊತ್ತು ನಿಂತು, ಕರೆದುಕೊಂಡು ಬಂದಳು.

ಕುರ್ಚಿಯಲ್ಲಿ ಕೂತ ಮೇಲೂ ಹೆಂಗಸು ಟೋಪಿಯ ಮೇಲಿಂದ ಕೈ ತೆಗೆಯಲಿಲ್ಲ. “ನಿಮಗೆಲ್ಲಿ ಗೊತ್ತಾಗುತ್ತೆ” ಎಂದಳು ನಮ್ಮವಳ ಕೂದಲು ನೋಡುತ್ತ. “ದೇವರು ನಿಮಗೆ ಇಷ್ಟು ಚೆನ್ನಾಗಿ ಕೊಟ್ಟಿದ್ದಾನೆ.”

“ದೇವರಲ್ಲ, ಇವರು” ಎಂದು ನನ್ನ ಕಡೆ ಬೆರಳು ತೋರಿಸಿ, ನಮ್ಮವಳು ಎರಡೂ ಕೈಯಿಂದ ವಿಗ್ಗನ್ನು ಎತ್ತಿ ತೆಗೆದು ಮಡಿಲಲ್ಲಿಟ್ಟುಕೊಂಡಳು. ಹಾಡುಹಗಲು, ಕಿಟಕಿಯ ಬಿಸಿಲಿನಲ್ಲಿ, ಪರಿಚಯವಿಲ್ಲದ ಹೆಂಗಸಿನ ಎದುರಿಗೆ. ಮೊದಲೇ ಮಾತಾಡಿಕೊಂಡು ಮಾಡಿದ್ದಲ್ಲ. ಗಂಡನಿಗೆ ತೋರಿಸಲು ಹೆದರಿ ತಿಂಗಳುಗಟ್ಟಲೆ ಬಚ್ಚಿಟ್ಟುಕೊಂಡು ಬಾಳಿದವಳು.

ಹೆಂಗಸು ನೋಡಿದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು, ಅಳುತ್ತಲೇ ಟೋಪಿ ತೆಗೆದಳು. ನಾನು ಟೇಪನ್ನು ಅಂಗೈಯಲ್ಲಿ ಉಜ್ಜುತ್ತ ನಿಂತೆ.

ಅವಳು ಕಣ್ಣೊರೆಸಿಕೊಂಡು ಇಬ್ಬರ ಮುಖವನ್ನೂ ನೋಡಿ, “ಇವರು ನಿಮಗೇನಾಗಬೇಕು?” ಎಂದು ನನ್ನನ್ನು ಕೇಳಿದಳು.

“ತಂಗಿ” ಎಂದೆ.

ತಮ್ಮನ ಹೆಂಡತಿ, ಹಾಗೆ ಹೀಗೆ ಎಂದು ಅಷ್ಟುದ್ದ ವಿವರಿಸುತ್ತ ಕೂರಲು ಯಾರಿಗೆ ಪುರುಸೊತ್ತು? ಅಳತೆ ತೆಗೆಯುವುದಿತ್ತು.